ಸಹಜದ ಗೆರೆ

ಹೆಂಗಸಿನ ಮಾತು ಬೇಡ, ಮೈಯೊಂದೇ ಸಾಕು ಎನ್ನುವ ಯಂತ್ರ ಬಂದರೆ ಹೇಗಿರುತ್ತದೆ ಎಂದು ಯಾರೋ ಯೋಚಿಸಿದರು. ಯೋಚಿಸಿದ ಹತ್ತು ವರ್ಷಕ್ಕೆ ಅದು ಬಂದೇಬಿಟ್ಟಿತು. ಅಂಚೆಚೀಟಿಗಿಂತ ತುಸು ದೊಡ್ಡದಾದ, ತೋಳಿಗೆ ಅಂಟಿಸಿಕೊಳ್ಳುವ ಒಂದು ಪಟ್ಟಿ. ಅದರ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳು. ಕಾಲು ತಾಸಿಗೊಮ್ಮೆ ಅದು ಚರ್ಮದ ಕೆಳಗಿನ ನೀರನ್ನು ಹೀರಿ, ಯಾವ ಹಾರ್ಮೋನು ಎಷ್ಟಿದೆ ಎಂದು ಅಳೆದು, ಹುಬ್ಬಳ್ಳಿಯಲ್ಲಿರುವ ಉತ್ತರ ವಲಯ ಹಾರ್ಮೋನು ಮಾಪನ ಕೇಂದ್ರಕ್ಕೆ ಕಳಿಸುತ್ತದೆ. ಮೂವತ್ತು ದಿನ ಹೀಗೇ ನಡೆದು, ಮೂವತ್ತೊಂದನೆಯ ದಿನ ಒಂದೇ ಒಂದು ಶಬ್ದ ಬರುತ್ತದೆ. ಸಹಜ, ಇಲ್ಲವೆ ಅಸಹಜ.

ನೀಲಗಂಗಾ ಉಳ್ಳಾಗಡ್ಡಿಗೆ ಮೂರನೆಯ ಸಲವೂ ಸಹಜ ಎಂದೇ ಬಂತು.

ಆಗ ಅವಳು ಅದೇ ಕೇಂದ್ರದ ಎರಡನೆಯ ಮಹಡಿಯಲ್ಲಿ ತನ್ನ ಮೇಜಿನ ಮುಂದೆ ಕುಳಿತಿದ್ದಳು. ಮೂವತ್ತೊಂದು ವರ್ಷದ ನೀಲಗಂಗಾಳ ಕೆಲಸವೆಂದರೆ ಪಟ್ಟಿಗಳಿಂದ ಬರುವ ರೇಖೆಗಳನ್ನು ಪರದೆಯ ಮೇಲೆ ಕಾಯುವುದು. ಯಾರ ಪಟ್ಟಿ ಎಣ್ಣೆಸ್ನಾನದಲ್ಲಿ ಕಿತ್ತುಹೋಯಿತು, ಯಾರು ತುರಿಕೆ ತಾಳದೆ ಅದನ್ನು ಅತ್ತೆಯ ತೋಳಿಗೆ ಅಂಟಿಸಿ ಕೂತರು ಎಂಬುದನ್ನೆಲ್ಲ ಪತ್ತೆ ಹಚ್ಚುವುದು. ದಿನಕ್ಕೆ ನಾಲ್ಕು ನೂರು ಹೆಂಗಸರ ಒಳಗನ್ನು ನೋಡುವವಳಿಗೆ ತನ್ನ ಒಳಗೆ ಏನಾಗಿದೆ ಎಂದು ಹೇಳುವವರು ಯಾರೂ ಇರಲಿಲ್ಲ. ಅವಳು ಪರದೆಯನ್ನು ಎರಡು ಸಲ ಆರಿಸಿ ಹಚ್ಚಿದಳು. ಶಬ್ದ ಬದಲಾಗಲಿಲ್ಲ.

ಈ ಸಹಜದ ಭಾಗ್ಯ ಎಂಥದ್ದೆಂದು ಸ್ವಲ್ಪ ಹೇಳಬೇಕು. ಅವಳಿಗೆ ಮುಟ್ಟು ನಾಲ್ಕು ತಿಂಗಳಿಗೊಮ್ಮೆ ಬರುತ್ತಿತ್ತು, ಬಂದರೆ ಇಪ್ಪತ್ತು ದಿನ ನಿಲ್ಲುತ್ತಿರಲಿಲ್ಲ. ಗದ್ದದ ಮೇಲಿನ ಕೂದಲು ತೆಗೆಸಲು ನಾಲ್ಕು ದಿನಕ್ಕೊಮ್ಮೆ ಪಾರ್ಲರಿಗೆ ಹೋಗಬೇಕಿತ್ತು. ಉಣ್ಣುವುದು ಎರಡೇ ರೊಟ್ಟಿಯಾದರೂ ನಾಲ್ಕು ವರ್ಷದಲ್ಲಿ ಹನ್ನೊಂದು ಕಿಲೋ ಏರಿದ್ದಳು. ಕತ್ತಿನ ಹಿಂಭಾಗ ಎಷ್ಟು ತಿಕ್ಕಿದರೂ ಹೋಗದಂತೆ ಕಪ್ಪಾಗಿತ್ತು. ಹಿಂದಿನ ಕಾಲದ ಯಾವ ಡಾಕ್ಟರರೂ ಇಷ್ಟು ಕೇಳಿದ ಮೇಲೆ ಪಿಸಿಓಡಿ ಎಂದುಬಿಡುತ್ತಿದ್ದರು. ಅಂಡಾಶಯದಿಂದ ತಿಂಗಳಿಗೊಂದು ಮೊಟ್ಟೆ ಹೊರಬರುವ ಬದಲು ಒಳಗೇ ಸಣ್ಣ ಸಣ್ಣ ಗುಳ್ಳೆಗಳಾಗಿ ಉಳಿಯುತ್ತವೆ, ಗಂಡು ಹಾರ್ಮೋನು ಇರಬೇಕಾದ್ದಕ್ಕಿಂತ ಏರುತ್ತದೆ. ಮುಟ್ಟು ತಪ್ಪುವುದು, ಗಂಡು ಹಾರ್ಮೋನು ಏರುವುದು, ಸ್ಕ್ಯಾನಿನಲ್ಲಿ ಗುಳ್ಳೆ ಕಾಣುವುದು, ಈ ಮೂರರಲ್ಲಿ ಎರಡು ಇದ್ದರೆ ಆಗ ಸಾಕಾಗುತ್ತಿತ್ತು.

ಆದರೆ ಆ ಕಾಲದಲ್ಲಿ ಒಂದು ಲ್ಯಾಬಿನ ಅಂಕಿ ಇನ್ನೊಂದು ಲ್ಯಾಬಿಗೆ ಹೊಂದುತ್ತಿರಲಿಲ್ಲ, ಬೆಳಿಗ್ಗೆ ತೆಗೆದ ರಕ್ತ ಒಂದು ಹೇಳಿದರೆ ಸಂಜೆ ತೆಗೆದದ್ದು ಇನ್ನೊಂದು ಹೇಳುತ್ತಿತ್ತು. ಹಾರ್ಮೋನಿನ ಗುಳಿಗೆಗಳು ಪೆಪ್ಪರಮಿಂಟಿನಂತೆ ಮಾರಾಟವಾಗುತ್ತಿದ್ದವು. ಅದಕ್ಕೇ ಹೊಸ ಕಾಯ್ದೆ ಬಂತು. ಇನ್ನು ಪಟ್ಟಿ ಹೇಳಿದ್ದೇ ವೇದವಾಕ್ಯ. ಹೆಂಗಸು ತನ್ನ ಮೈಬಗ್ಗೆ ಏನು ಹೇಳಿದರೂ ಅದಕ್ಕೆ ಕಡತದಲ್ಲಿ 'ಹೇಳಿಕೆ' ಎಂದು ಹೆಸರು, ಬೆಲೆ ಸೊನ್ನೆ. ಪಟ್ಟಿ ಅಸಹಜ ಎನ್ನದೆ ಯಾವ ಔಷಧಿ ಅಂಗಡಿಯ ಯಂತ್ರವೂ ಗುಳಿಗೆ ಹೊರಗೆ ಹಾಕುವುದಿಲ್ಲ. ಮೂರು ಸಲ ಸಹಜ ಬಂದರೆ ಕಡತವನ್ನು ಐದು ವರ್ಷ ಮುಚ್ಚುತ್ತಾರೆ. ತಕರಾರು ಇದ್ದರೆ ಮೂವತ್ತು ದಿನದೊಳಗೆ ಹೇಳಬೇಕು, ಸಾಕ್ಷಿ ಸಮೇತ.

ನೀಲಗಂಗಾಳ ಮೂವತ್ತು ದಿನ ಅಂದಿನಿಂದ ಶುರುವಾದವು.

ಮರುದಿನ ಅವಳು ಡಾಕ್ಟರ್ ಬೇಪಾರಿಯವರ ಕ್ಲಿನಿಕ್ಕಿಗೆ ಹೋದಳು. ರುಕ್ಸಾನಾ ಬೇಪಾರಿ ಅರವತ್ತು ದಾಟಿದ ಹೆಂಗಸು, ಪಟ್ಟಿ ಬರುವ ಮೊದಲು ವೈದ್ಯಕೀಯ ಓದಿದವರು. ಕಡತ ತೆರೆದು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗರ್ಭಕೋಶದ ಒಳಪದರ ದಪ್ಪ ಆಗಾಕತ್ತೈತಿ ನೀಲಗಂಗಾ. ತಿಂಗಳಾ ತಿಂಗಳಾ ಉದರಬೇಕಾಗಿದ್ದು ಒಳಗ ಕುಂತೈತಿ. ಹೋದ ವಾರ ತುಣುಕು ತಗದು ನೋಡಿಸಿದ್ನೆಲ್ಲಾ, ಇನ್ನೂ ಕೆಟ್ಟಿಲ್ಲ. ಆದ್ರ ಐದ ವರ್ಷ ಹಿಂಗ ಬಿಟ್ರ ಕೆಟ್ಟ ರೋಗಕ್ಕ ತಿರಗಬಹುದು."

"ತಿರಗತೈತಿ ಅಂತೀರೇನ್ರಿ?"

"ತಿರಗೇ ತಿರಗತೈತಿ ಅನ್ನೂದಿಲ್ಲ. ನನ್ನ ಮಗಳಾಗಿದ್ರ ನಾ ಐದ ದಿನಾನೂ ಬಿಡತಿದ್ದಿಲ್ಲ."

"ಹಂಗಾದ್ರ ಔಷಧಾ ಬರದ ಕೊಡ್ರಿ."

"ಬರದ ಕೊಡತೇನಿ. ಹಾಳಿ ಒಯ್ದು ದೇವರ ಮುಂದ ಇಡು. ಅಂಗಡ್ಯಾಗಿನ ಡಬ್ಬಿ ಅಂತೂ ಗುಳಿಗಿ ಉಗುಳೂದಿಲ್ಲ."

ಡಾಕ್ಟರಿಗೆ ತಮ್ಮ ಮಾತಿನ ಕಹಿ ತಮಗೇ ತಿಳಿಯಿತು. ಅವರು ಮತ್ತೆ ಕನ್ನಡಕ ಹಾಕಿಕೊಂಡು ಪರದೆಯ ಮೇಲಿನ ಅಂಕಿಗೆ ಬೆರಳಿಟ್ಟರು. ನೀಲಗಂಗಾಳ ಗಂಡು ಹಾರ್ಮೋನಿನ ತಿಂಗಳ ಸರಾಸರಿ ಎಪ್ಪತ್ತೊಂದು. ಸಹಜದ ಗೆರೆ ಇದ್ದದ್ದು ಎಂಬತ್ತನಾಲ್ಕರಲ್ಲಿ.

"ನಾ ಕಲಿಯೂ ಮುಂದ ಎಪ್ಪತ್ತೊಂದ ಅಂದ್ರ ನಮ್ಮ ಸರ ಹುಬ್ಬು ಏರಸ್ತಿದ್ರು. ನಿಮ್ಮ ಗೆರಿ ಅಷ್ಟ ಮ್ಯಾಲ ಯಾಕೈತಿ? ನೀ ಅಲ್ಲೇ ಕೆಲಸಾ ಮಾಡ್ತೀಯಲ್ಲ, ಒಂದ ಸಲ ನೋಡು. ಅಳತಿ ಬರೊಬ್ಬರಿ ಇರಬಹುದು, ಯಾರ ಜೋಡಿ ಹೋಲಸ್ತಾರ ಅನ್ನೂದನ್ನ ನೋಡು."

ಏಳು ವರ್ಷ ಆ ಕೇಂದ್ರದಲ್ಲಿ ದುಡಿದಿದ್ದರೂ ನೀಲಗಂಗಾಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಹೊಳೆಯದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಗೆರೆ ಎಂದರೆ ಗೆರೆ, ಅದನ್ನು ಬಲ್ಲವರು ಎಳೆದಿರುತ್ತಾರೆ ಎಂದು ಅವಳೂ ಎಲ್ಲರಂತೆ ನಂಬಿದ್ದಳು.

ಗೆರೆ ಎಳೆದದ್ದು ಹೀಗೆ. ಹನ್ನೆರಡು ವರ್ಷದ ಹಿಂದೆ ಇನ್ನೂರ ನಲವತ್ತು ಆರೋಗ್ಯವಂತ ಹುಡುಗಿಯರ ತೋಳಿಗೆ ಒಂದು ತಿಂಗಳು ಪಟ್ಟಿ ಅಂಟಿಸಿದರು. ಅವರ ಅಂಕಿಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ನಿಲ್ಲಿಸಿದರು. ಯಾರಿಗೋ ಸುಮ್ಮನೆ ಜಾಸ್ತಿ ಇದ್ದೀತು ಎಂದು ನೂರಕ್ಕೆ ಎರಡೂವರೆಯ ಲೆಕ್ಕದಲ್ಲಿ ಮೇಲಿನ ಆರು ಮಂದಿಯನ್ನು ಬಿಟ್ಟು, ಅಲ್ಲಿಗೆ ಗೆರೆ ಹಾಕಿದರು. ಅಂದಿನಿಂದ ಬೀದರಿನಿಂದ ಹಾವೇರಿಯ ತನಕ ಯಾವ ಹೆಂಗಸು ಪಟ್ಟಿ ಕಟ್ಟಿಕೊಂಡರೂ ಈ ಇನ್ನೂರ ನಲವತ್ತು ಜನರೊಡನೆ ಅವಳನ್ನು ತೂಗುತ್ತಾರೆ. ತಕ್ಕಡಿ ಎಷ್ಟೇ ಹೊಸದಿರಲಿ, ಕಲ್ಲು ಹನ್ನೆರಡು ವರ್ಷದ ಹಿಂದಿನದು.

ಊಟದ ಬಿಡುವಿನಲ್ಲಿ ಅವಳು ಆ ಹಳೆಯ ರೇಖೆಗಳನ್ನು ತೆರೆದು ಕುಳಿತಳು. ಹೆಸರುಗಳಿರಲಿಲ್ಲ, ಬರೇ ಮಾದರಿ ಸಂಖ್ಯೆಗಳು. ಮೊದಲ ಐದು ರೇಖೆಗಳು ಚೆನ್ನಾಗಿದ್ದವು. ತಿಂಗಳ ನಡುವೆ ಮೊಟ್ಟೆ ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಸಣ್ಣ ಗುಡ್ಡದಂತೆ ಏರಿ ಇಳಿದಿತ್ತು. ಆರನೆಯ ಹುಡುಗಿಗೆ ಗುಡ್ಡವೇ ಇರಲಿಲ್ಲ. ಹನ್ನೊಂದನೆಯವಳಿಗೂ ಇರಲಿಲ್ಲ. ಎಲ್ಲೋ ಒಂದು ತಿಂಗಳು ತಪ್ಪಿದ್ದೀತು ಎಂದು ಮುಂದೆ ಹೋದರೆ ಹದಿನಾಲ್ಕು, ಹದಿನೈದು, ಹತ್ತೊಂಬತ್ತು. ಮೂರು ದಿನದ ಬಿಡುವುಗಳಲ್ಲಿ ಅವಳು ಎಲ್ಲವನ್ನೂ ನೋಡಿ ಮುಗಿಸಿದಳು. ಆರೋಗ್ಯವಂತರು ಎಂದು ಕರೆಸಿಕೊಂಡ ಇನ್ನೂರ ನಲವತ್ತರಲ್ಲಿ ಅರವತ್ತೇಳು ಹುಡುಗಿಯರಿಗೆ ಆ ತಿಂಗಳು ಮೊಟ್ಟೆಯೇ ಬಿಡುಗಡೆಯಾಗಿರಲಿಲ್ಲ, ಅವರಲ್ಲಿ ಬಹಳಷ್ಟು ಜನರ ಗಂಡು ಹಾರ್ಮೋನು ಸಾಲಿನ ತುದಿಯಲ್ಲಿತ್ತು. ಆದರೆ ಪ್ರತಿಯೊಬ್ಬಳ ಮುಂದೆಯೂ ಒಂದೇ ಬರಹ: 'ಮುಟ್ಟು: ನಿಯಮಿತ. ಹೇಳಿಕೆ: ತಾಯಿ.'

ಕೊನೆಗೆ ಅವಳು ತನ್ನ ರೇಖೆಯನ್ನು ಅವುಗಳ ಮೇಲಿಟ್ಟು, ಅತಿ ಹತ್ತಿರದ ಹೋಲಿಕೆ ಯಾವುದೆಂದು ಕಂಪ್ಯೂಟರನ್ನು ಕೇಳಿದಳು. ಹಾರ್ಮೋನಿನ ಏರಿಳಿತಕ್ಕೂ ಮನುಷ್ಯರ ನಡಿಗೆಯ ಹಾಗೆ ಅವರವರದೇ ಒಂದು ಚಾಳಿ ಇರುತ್ತದೆ. ಕಂಪ್ಯೂಟರು ತಡಮಾಡಲಿಲ್ಲ. ಮಾದರಿ ೨೧೭. ವಯಸ್ಸು ಹತ್ತೊಂಬತ್ತು, ಧಾರವಾಡದ ವಸತಿನಿಲಯ, ಜುಲೈ ತಿಂಗಳು. ಸಾಧ್ಯತೆ: ಒಂದೇ ವ್ಯಕ್ತಿ.

ಅದನ್ನು ನೋಡಿದ ಮೇಲೆ ಅವಳಿಗೆ ನೆನಪಾಯಿತು. ಹಾಸ್ಟೆಲಿನ ಊಟದ ಮನೆ, ಉದ್ದನೆಯ ಬೆಂಚು, ತೋಳಿಗೆ ಅಂಟಿಸಿದ ಏನೋ ಒಂದು ಪಟ್ಟಿ. ಕೊಟ್ಟಿದ್ದ ಹಣ್ಣಿನ ರಸ ಹುಳಿಯಾಗಿತ್ತು. ಪಾಲಕರ ಹೇಳಿಕೆ ಬೇಕೆಂದು ಊರಿನಿಂದ ತಾಯಂದಿರನ್ನು ಕರೆಸಿದ್ದರು. ಫಾರ್ಮು ತುಂಬುತ್ತಿದ್ದವರು ವಾರ್ಡನ್ ಸುಶೀಲಕ್ಕೋರು. ಹುಡುಗಿಯರನ್ನು ಒಂದು ಮಾತಿಗೆ ಸೇರಿಸಬಲ್ಲವರು ಅವರೊಬ್ಬರೇ ಎಂದು ಸಂಶೋಧನೆಯವರು ಆ ಕೆಲಸವನ್ನು ಅವರಿಗೇ ಒಪ್ಪಿಸಿದ್ದರು. ಸಂಶೋಧನೆಯವರಿಗೆ ಗೊತ್ತಿಲ್ಲದ, ನಾಲ್ಕು ಜಿಲ್ಲೆಯ ತಾಯಂದಿರಿಗೆಲ್ಲ ಗೊತ್ತಿದ್ದ ಸಂಗತಿ ಇನ್ನೊಂದಿತ್ತು. ಸುಶೀಲಕ್ಕೋರು ಸಂಬಂಧ ಕುದುರಿಸುವವರು. ಅವರ ಚೀಲದಲ್ಲಿ ಸದಾ ಇಪ್ಪತ್ತು ವರಗಳ ಜಾತಕ ಇರುತ್ತಿದ್ದವು. ಅಂಥವರು ಪೆನ್ನು ಹಿಡಿದು, "ನಿಮ್ಮ ಹುಡುಗಿ ಮುಟ್ಟು ಸರಿಯಾಗಿ ಆಗ್ತಾಳೇನ್ರಿ?" ಎಂದು ಕೇಳಿದರೆ ಹಡೆದ ತಾಯಿ ಏನು ಹೇಳಿಯಾಳು?

ನೀಲಗಂಗಾಳ ತಾಯಿ ಗುರುಬಸವ್ವ ಹೇಳಿದ್ದು ಅವಳಿಗೆ ಇನ್ನೂ ಕಿವಿಯಲ್ಲಿತ್ತು. "ಭಾಳ ಸರಿಯಾಗಿ ಬರತೈತ್ರಿ ಅಕ್ಕೋರ. ಒಂದಿನಾ ಆಕಡೆ ಈಕಡೆ ಇಲ್ಲ." ಆಗ ನೀಲಗಂಗಾಗೆ ಐದು ತಿಂಗಳು ಮುಟ್ಟಾಗಿರಲಿಲ್ಲ. ಹೆಂಗಸರ ಮಾತು ನಂಬುವುದಿಲ್ಲ ಎಂದು ಎದೆ ಸೆಟೆಸಿ ನಿಂತ ಇಡೀ ಯಂತ್ರ ನಿಂತಿದ್ದು ಹೆಂಗಸರ ಒಂದು ಮಾತಿನ ಮೇಲೆ, ಆ ಮಾತೂ ಸುಳ್ಳು. ಐದು ವರ್ಷದಿಂದ ತಾನು ಸಹಜ ಎಂದು ಹೇಳುತ್ತಿದ್ದುದು ತನ್ನದೇ ಹತ್ತೊಂಬತ್ತರ ಮೈ ಮತ್ತು ತನ್ನವ್ವನದೇ ಬಾಯಿ ಎಂದು ತಿಳಿದಾಗ ಅವಳಿಗೆ ನಗುವಷ್ಟೂ ತ್ರಾಣ ಇರಲಿಲ್ಲ. ಮಧ್ಯಾಹ್ನದ ಡಬ್ಬಿ ತೆರೆಯದೆ ಹಾಗೇ ಮನೆಗೆ ಒಯ್ದಳು.

ಕೇಂದ್ರದ ಮುಖ್ಯಸ್ಥರು ವಾದಿರಾಜ ಗಲಗಲಿ. ಆ ಕಾಲದಲ್ಲಿ ಗೆರೆ ಎಳೆದ ತಂಡದಲ್ಲಿದ್ದವರು. ಕೆಟ್ಟವರಲ್ಲ, ನಿಯಮದವರು. ಅವಳು ತೋರಿಸಿದ ಅರವತ್ತೇಳು ರೇಖೆಗಳನ್ನು ಒಂದೊಂದಾಗಿ ನೋಡಿದರು, ನೋಡುತ್ತ ನೋಡುತ್ತ ಅವರ ಮುಖ ಬಾಡಿತು.

"ಗುಡ್ಡ ಇಲ್ಲದ್ದು ನಮಗ ಆಗೂ ಕಂಡಿತ್ತವಾ," ಎಂದರು. "ಹಾಸ್ಟೆಲಿನ ಊಟ, ಪರೀಕ್ಷಾದ ಕಾಳಜಿ, ಒಂದ ತಿಂಗಳ ತಪ್ಪಿರ್ತದ ಅಂದ್ಕೊಂಡ್ವಿ. ತಾಯಂದ್ರ ಎಲ್ಲಾರೂ ಸರಿ ಅದ ಅಂತ ಹೇಳ್ಯಾರ, ಮತ್ಯಾಕ ಸಂಶಯ ಅಂತ ಬಿಟ್ವಿ."

"ಈಗರ ತಗೀರಿ ಸರ ಅವನ್ನ. ಅರವತ್ತೇಳು ತಗದ್ರ ಗೆರಿ ಐವತ್ತಾರಕ್ಕ ಇಳಿತೈತಿ. ನಾ ಲೆಕ್ಕಾ ಮಾಡೇನಿ."

"ಹಂಗ ನಾ ತಗಿಲಿಕ್ಕೆ ಬರಂಗಿಲ್ಲ. ಅಂಕಿ ನೋಡಿ ಬ್ಯಾಡಾದವ್ರನ್ನ ಕಿತ್ತ ಹಾಕಿದ್ರ ನಾಳೆ ಯಾರರೇ ತಮಗ ಬೇಕಾದ ಗೆರಿ ಎಳೀತಾರ. ಅದಕ್ಕ ನಿಯಮ ಮಾಡೇವಿ. ಮಾದರಿ ತಗೀಬೇಕಂದ್ರ ಹೇಳಿಕೆ ತಪ್ಪಿತ್ತು ಅಂತ ಹೇಳಿಕೆ ಕೊಟ್ಟವರ ಬರದ ಕೊಡಬೇಕು. ಇಲ್ಲೆ ಬಂದು, ಸಮಿತಿ ಮುಂದ."

"ಹೇಳಿಕೆ ಕೊಟ್ಟಾಕಿ ನಮ್ಮವ್ವ. ನಾ ಕೊಟ್ರ ನಡ್ಯೂದಿಲ್ಲೇನ್ರಿ? ಮೈ ನಂದಲ್ಲೇನ್ರಿ ಸರ?"

ಗಲಗಲಿಯವರು ನಿಯಮದ ಪುಸ್ತಕ ತೆರೆದು ನೋಡಿದರು. ಅದರಲ್ಲಿ ಆ ಪ್ರಶ್ನೆಗೆ ಉತ್ತರ ಬರೆದಿರಲಿಲ್ಲ, ಅದು ಅವರ ತಪ್ಪಲ್ಲ, ಆದರೂ ಅವರು ತಲೆ ತಗ್ಗಿಸಿದರು.

ಗುರುಬಸವ್ವ ಹಳೇ ಹುಬ್ಬಳ್ಳಿಯ ಬಾಡಿಗೆ ಮನೆಯ ಪಡಸಾಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗಂಡ ತೀರಿದ ಮೇಲೆ ಖಾನಾವಳಿಗಳಿಗೆ ರೊಟ್ಟಿ ಕೊಟ್ಟೇ ಮಗಳನ್ನು ಓದಿಸಿದವಳು. ಅವಳು ಕೈ ನಿಲ್ಲಿಸದೆ ಮಗಳ ಮಾತು ಕೇಳಿದಳು. ಸುಶೀಲಕ್ಕೋರ ಹೆಸರು ಬಂದಾಗ ಮಾತ್ರ ರೊಟ್ಟಿ ಒಂದು ಕಡೆ ಹರಿಯಿತು.

"ಹನ್ನೆರಡ ವರ್ಷದ ಮಾತ ಈಗ್ಯಾಕ ತಗೀತಿ?"

"ಈಗ ಬೇಕಾಗೈತಿ ಅವ್ವಾ. ನೀ ಬಂದು ನಾ ಸುಳ್ಳ ಹೇಳಿದ್ದೆ ಅಂತ ಬರದ ಕೊಡಬೇಕು."

"ಸಮಿತಿ ಅಂದ್ರ ಎಷ್ಟ ಮಂದಿ?"

"ಐದ ಮಂದಿ."

"ಐದ ಮಂದಿ ಅಂದ್ರ ಐದ ಊರು. ಸುಶೀಲಕ್ಕೋರು ಇನ್ನೂ ನಿನ್ನ ಸಲುವಾಗಿ ಲಕ್ಷ್ಮೇಶ್ವರದಾಗ ಮಾತ ಆಡಾಕತ್ತಾರ. ಅವರಿಗೆ ಗೊತ್ತಾದ್ರ ಅಲ್ಲಿಗೆ ಮುಗೀತು. ಹಿಂಗ ಅದಾಳ ಅಂತ ನಾನ ಡಂಗುರಾ ಹೊಡೀಲೇನು?"

ನೀಲಗಂಗಾಗೆ ಉರಿ ಹತ್ತಿತು. ಐದು ವರ್ಷ ಡಾಕ್ಟರುಗಳಿಗೆ, ಗುಮಾಸ್ತರಿಗೆ, ಯಂತ್ರಕ್ಕೆ ಹೇಳಿ ಹೇಳಿ ದಣಿದವಳು ಇನ್ನು ಹಡೆದವ್ವನಿಗೂ ಸಾಕ್ಷಿ ಒಪ್ಪಿಸಬೇಕಲ್ಲ ಎಂದು ರೋಷ ಉಕ್ಕಿತು. ಅವಳು ದನಿ ಏರಿಸಲಿಲ್ಲ.

"ಡಾಕ್ಟರು ಒಳಪದರ ದಪ್ಪ ಆಗೇತಿ ಅಂದಾರ. ಐದ ವರ್ಷ ಬಿಟ್ರ ಕೆಟ್ಟ ಬ್ಯಾನಿ ಆಗಬಹುದು ಅಂದಾರ. ಲಕ್ಷ್ಮೇಶ್ವರದವರು ಮದಿವ್ಯಾಗತಾರ ಅಂತ ಇಟ್ಕೋ. ಎಷ್ಟ ದಿನಕ್ಕ ಆಗತಾರ?"

ಗುರುಬಸವ್ವ ಹರಿದ ರೊಟ್ಟಿಯನ್ನು ಮತ್ತೆ ಮುದ್ದೆ ಮಾಡಿ ನಾದತೊಡಗಿದಳು. ಆಮೇಲೆ ಹಿಟ್ಟಿಗೇ ಹೇಳುವಂತೆ ಹೇಳಿದಳು.

"ನನಗೂ ಹಿಂಗ ಇತ್ತು. ನೀ ಹುಟ್ಟಿದ್ದು ಮದಿವ್ಯಾಗಿ ಒಂಬತ್ತನೇ ವರ್ಷಕ್ಕ. ನಮ್ಮತ್ತಿಗೆ ಗೊತ್ತಾಗಬಾರದಂತ ತಿಂಗಳಾ ಮೂರ ದಿನಾ ಸುಮ್ಮನ ಹೊರಗ ಕುಂಡರತಿದ್ನಿ. ಒಳಗ ಏನೂ ಇರತಿದ್ದಿಲ್ಲ. ಹೊರಗ ಕುಂಡರಲಿಲ್ಲಂದ್ರ ಬಂಜಿ ಅಂತಿದ್ರು, ನನ್ನ ಕಳಿಸಿ ಇನ್ನೊಬ್ಬಾಕಿನ್ನ ತರತಿದ್ರು. ಸುಳ್ಳ ಅಂದ್ರ ನಮಗ ಸೆರಗ ಇದ್ದಂಗ ಯವ್ವಾ. ಹೊತ್ಕೊಂಡ ಬಂದೇವಿ."

ನೀಲಗಂಗಾಗೆ ಇದು ಹೊಸ ಸುದ್ದಿ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಒಂದೇ ಬ್ಯಾನಿಯನ್ನು ಇಬ್ಬರೂ ಬೇರೆ ಬೇರೆ ಬಚ್ಚಿಟ್ಟುಕೊಂಡಿದ್ದರು. ಅವಳಿಗೆ ತಾಯಿಯ ಮೇಲೆ ಕರುಣೆ ಬಂತು, ಸಿಟ್ಟು ಮಾತ್ರ ಹೋಗಲಿಲ್ಲ. ಕರುಣೆಯೂ ಸಿಟ್ಟೂ ಜತೆಯಲ್ಲೇ ಇರಬಲ್ಲವು ಎಂದು ಅಂದು ಗೊತ್ತಾಯಿತು.

ಗುರುಬಸವ್ವ ಹತ್ತು ದಿನ ಆ ಮಾತು ಎತ್ತಲಿಲ್ಲ. ಹನ್ನೊಂದನೆಯ ದಿನ ಮಗಳಿಗೆ ಮತ್ತೆ ರಕ್ತ ಹೋಗಲು ಶುರುವಾಯಿತು. ಕೆಲಸಕ್ಕೆ ಹೊರಟವಳು ಬಾಗಿಲ ಬಳಿ ಗೋಡೆ ಹಿಡಿದು ನಿಂತದ್ದನ್ನು ತಾಯಿ ನೋಡಿದಳು. ಒಲೆ ಆರಿಸಿ ಒಳಗೆ ಹೋಗಿ, ಇಳಕಲ್ ಸೀರೆ ಉಟ್ಟು ಹೊರಗೆ ಬಂದಳು.

"ನಡಿ. ನಿನ್ನ ಆಫೀಸ್ ಎಲ್ಲೈತಿ ತೋರಸು."

ಸಮಿತಿಯ ಮುಂದೆ ಅವಳು ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದಳು, ಹನ್ನೆರಡು ವರ್ಷದ ಹಿಂದೆ ತಾನು ಕೊಟ್ಟ ಹೇಳಿಕೆ ಸುಳ್ಳು, ಮಗಳು ಆಗ ಐದು ತಿಂಗಳು ಮುಟ್ಟಾಗಿರಲಿಲ್ಲ, ವರ ತಪ್ಪೀತು ಎಂದು ಹಾಗೆ ಹೇಳಿದೆ. ಸಹಿ ಸ್ಪಷ್ಟವಾಗಿ ಹಾಕಿದಳು. ಸಮಿತಿಯವರು ಎದ್ದು ಹೋದ ಮೇಲೆ ಗಲಗಲಿಯವರು ತಾವೇ ಕುಳಿತು ಮಾದರಿ ೨೧೭ ಅನ್ನು ಸಾಲಿನಿಂದ ತೆಗೆದರು. ಕಂಪ್ಯೂಟರು ಲೆಕ್ಕ ಮಾಡಿತು. ಗೆರೆ ಎಂಬತ್ತನಾಲ್ಕರಲ್ಲಿತ್ತು. ಈಗ ಎಂಬತ್ತನಾಲ್ಕಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಂತಿತು.

"ಮ್ಯಾಲ ಹೋತಲ್ರಿ ಸರ," ಎಂದಳು ನೀಲಗಂಗಾ.

ಅವಳೂ ಲೆಕ್ಕ ಬಲ್ಲವಳೇ, ಆದರೂ ಹೇಳದೆ ಇರಲಾಗಲಿಲ್ಲ. ಗಲಗಲಿಯವರು ಗುರುಬಸವ್ವನಿಗೆ ತಿಳಿಯುವಂತೆ ಬಿಡಿಸಿ ಹೇಳಿದರು. ಆ ಕಾಲದ ನೀಲಗಂಗಾಳ ಅಂಕಿ ಅರವತ್ತೆಂಟು, ಗೆರೆಗಿಂತ ಕೆಳಗೆ. ಕೆಳಗಿದ್ದವರು ಒಬ್ಬರು ಎದ್ದು ಹೋದರೆ ಗೆರೆ ಇಳಿಯುವುದಿಲ್ಲ. ಮೇಲಿದ್ದವರು ಹೋಗಬೇಕು. ಈಗಿನ ನೀಲಗಂಗಾಳ ಎಪ್ಪತ್ತೊಂದಕ್ಕಿಂತ ಮೇಲೆ ಮೂವತ್ತೊಂದು ಹುಡುಗಿಯರು ಆರೋಗ್ಯವಂತರೆಂದು ನಿಂತಿದ್ದಾರೆ. ಅವರಲ್ಲಿ ಇಪ್ಪತ್ತೇಳು ಜನರ ತಾಯಂದಿರು ಬಂದು ಇದೇ ಮಾತು ಹೇಳಿದರೆ ನೀಲಗಂಗಾಳ ಫಲಿತಾಂಶ ಬದಲಾಗುತ್ತದೆ.

ಗುರುಬಸವ್ವ ಅವರು ಹೇಳಿದ್ದನ್ನೆಲ್ಲ ಕೇಳಿಕೊಂಡಳು. ಆಮೇಲೆ ಸೆರಗನ್ನು ಸರಿಮಾಡಿಕೊಂಡಳು.

"ನಾ ಸುಳ್ಳ ಹೇಳಿದಾಗ ನಿಮ್ಮ ಯಂತ್ರ ಹನ್ನೆರಡ ವರ್ಷ ನಂಬಿತ್ರಿ. ಖರೆ ಹೇಳಿದ್ರ ನನ್ನ ಮಗಳನ್ನ ಇನ್ನಷ್ಟ ದೂರ ದಬ್ಬತೈತಲ್ರಿ."

"ತಾಯಿ, ಅದಕ್ಕ ಸುಳ್ಳೂ ಗೊತ್ತಿಲ್ಲ, ಖರೇನೂ ಗೊತ್ತಿಲ್ಲ. ಎಣಿಸ್ತದ, ಅಷ್ಟ."

"ಹಂಗಾದ್ರ ಆ ಇಪ್ಪತ್ತೇಳ ಮಂದಿ ಹೆಸರ ಕೊಡ್ರಿ."

"ಹೆಸರು ನಮ್ಮ ಕಡೆ ಇಟ್ಟಿಲ್ಲ. ಇಟ್ಟಿದ್ರೂ ಹೇಳ್ಲಿಕ್ಕೆ ಬರಂಗಿಲ್ಲ."

"ನೀವು ಇಟ್ಟಿಲ್ಲ," ಎಂದಳು ಗುರುಬಸವ್ವ. "ನಾವು ಇಟ್ಟೇವಿ."

ಸುಶೀಲಕ್ಕೋರು ಅಂದು ಪಟ್ಟಿ ಅಂಟಿಸಿಕೊಂಡ ಹಾಸ್ಟೆಲಿನ ಹುಡುಗಿಯರ ತಾಯಂದಿರನ್ನೆಲ್ಲ ಸೇರಿಸಿ ಫೋನಿನಲ್ಲಿ ಒಂದು ವಧೂವರರ ಗುಂಪು ಮಾಡಿದ್ದರು. ಹನ್ನೆರಡು ವರ್ಷದಲ್ಲಿ ಎಷ್ಟೋ ಮದುವೆಗಳಾಗಿ, ಕೆಲವು ಮುರಿದು, ಆ ಗುಂಪು ಹಬ್ಬದ ಶುಭಾಶಯ ಕಳಿಸುವ ಗುಂಪಾಗಿ ಉಳಿದಿತ್ತು. ಯಾರೂ ಅದರಿಂದ ಹೊರಗೆ ಹೋಗಿರಲಿಲ್ಲ, ಹೋದರೆ ಸುಶೀಲಕ್ಕೋರಿಗೆ ಬೇಸರವಾದೀತು ಎಂದು. ಗುಂಪಿನಲ್ಲಿ ಬರೆದರೆ ಅದು ಅವರ ಕಣ್ಣಿಗೇ ಮೊದಲು ಬೀಳುತ್ತದೆ. ಹಾಗಾಗಿ ಒಬ್ಬೊಬ್ಬರಿಗೇ ಫೋನು ಮಾಡಬೇಕು ಎಂದು ಗುರುಬಸವ್ವ ಲೆಕ್ಕ ಹಾಕಿದಳು. ಯಾರ ಮಗಳು ಗೆರೆಯ ಮೇಲಿದ್ದಾಳೆ ಎಂದು ಗೊತ್ತಿಲ್ಲದ್ದರಿಂದ ಎಲ್ಲರನ್ನೂ ಕೇಳಬೇಕು. ಕಡತ ಮುಚ್ಚಲು ಇನ್ನು ಒಂಬತ್ತು ದಿನ ಉಳಿದಿದ್ದವು.

ಭಾನುವಾರ ಮಧ್ಯಾಹ್ನ ಖಾನಾವಳಿಯ ರೊಟ್ಟಿ ಕಳಿಸಿಯಾದ ಮೇಲೆ ಇಬ್ಬರೂ ಮಂಚದ ಮೇಲೆ ಫೋನು ನಡುವೆ ಇಟ್ಟುಕೊಂಡು ಕುಳಿತರು. ಮೊದಲನೆಯವಳು ರೋಣದ ಹೆಂಗಸು. ಸುದ್ದಿ ಕೇಳಿ, ನೀವು ಯಾರೆಂದು ಗೊತ್ತಾಗಲಿಲ್ಲ ಎಂದು ಇಟ್ಟುಬಿಟ್ಟಳು. ಎರಡನೆಯವಳು ತನ್ನ ಮಗಳಿಗೆ ಎರಡು ಮಕ್ಕಳಿವೆ ಎಂದು ಅವರ ಹೆಸರು, ಶಾಲೆ, ತೆಗೆದ ಅಂಕ ಎಲ್ಲವನ್ನೂ ಹೇಳಿದಳು, ಕೇಳಿದ್ದೊಂದನ್ನು ಬಿಟ್ಟು. ಮೂರನೆಯವಳು, "ನಿಮ್ಮ ಮಗಳಿಗೆ ಹಂಗ ಐತಂತ ಎಲ್ಲಾರಿಗೂ ಐತೇನು?" ಎಂದು ಬೈದಳು. ನಾಲ್ಕನೆಯವಳು ತೀರಿಕೊಂಡಿದ್ದಳು, ಫೋನು ಎತ್ತಿದ್ದು ಸೊಸೆ. ಹೇಳಿಕೆ ಕೊಟ್ಟವರೇ ಇಲ್ಲವಾದರೆ ಅದನ್ನು ತಿದ್ದುವವರು ಯಾರು ಎಂದು ನಿಯಮದಲ್ಲಿ ಇರಲಿಲ್ಲ.

ಐದನೆಯವಳು ನರಗುಂದದ ದಾಕ್ಷಾಯಣವ್ವ. ಅಂದು ಬೆಂಚಿನ ಮೇಲೆ ಗುರುಬಸವ್ವನ ಮಗ್ಗುಲಲ್ಲೇ ಕುಳಿತವಳು, ತನ್ನ ಸರದಿ ಬರುವ ಮುಂಚೆ "ಏನಂತ ಹೇಳೂದ್ರಿ?" ಎಂದು ಕಿವಿಯಲ್ಲಿ ಕೇಳಿದವಳು. ಗುರುಬಸವ್ವ ಅದನ್ನೂ ನೆನಪಿಸಿದಳು.

"ನಾ ಹಂಗೇನೂ ಕೇಳಿಲ್ಲ," ಎಂದಿತು ಆ ಕಡೆಯ ದನಿ. "ನನ್ನ ಮಗಳು ಬರೊಬ್ಬರಿ ಅದಾಳ. ಇನ್ನೊಮ್ಮಿ ಫೋನ್ ಹಚ್ಚಬ್ಯಾಡ್ರಿ."

ಗುರುಬಸವ್ವ ಫೋನನ್ನು ಮಂಚದ ಮೇಲೆ ಇಟ್ಟು ಕೈ ನೋಡುತ್ತ ಕುಳಿತಳು. ನೀಲಗಂಗಾಗೆ ಏನಾದರೂ ಎತ್ತಿ ಒಗೆಯಬೇಕು ಎನಿಸಿತು. ಗೊತ್ತಿರುವ ರೋಗ, ಗೊತ್ತಿರುವ ಔಷಧ, ನಡುವೆ ಇಪ್ಪತ್ತೇಳು ಮುಚ್ಚಿದ ಬಾಯಿಗಳು. ಯಂತ್ರವನ್ನು ಬೈಯಬೇಕೋ, ಬಾಯಿಗಳನ್ನು ಬೈಯಬೇಕೋ, ಬಾಯಿ ಮುಚ್ಚಿಸಿದ ಊರನ್ನು ಬೈಯಬೇಕೋ ತಿಳಿಯದೆ ಅವಳು ಸುಮ್ಮನೆ ಎದ್ದು ನೀರು ಕುಡಿದಳು.

ಫೋನು ಬಡಿದುಕೊಂಡಿತು. ನರಗುಂದದ ಅದೇ ನಂಬರು. ಗುರುಬಸವ್ವ ಬೈಗುಳಕ್ಕೆ ಅಂಜಿ ಮಗಳ ಕೈಗೆ ಕೊಟ್ಟಳು.

"ನಾ ದಾಕ್ಷಾಯಣವ್ವನ ಮಗಳು, ಶೈಲಾ," ಎಂದಿತು ತಗ್ಗಿದ ದನಿ. "ಅವ್ವ ಬಚ್ಚಲಕ್ಕ ಹೋಗ್ಯಾಳ, ಲಗೂನ ಹೇಳ್ರಿ. ಈಗ ಅಕಿನ್ನ ಏನ್ ಕೇಳಿದ್ರಿ ನೀವು?"

ನೀಲಗಂಗಾ ಹೇಳಿದಳು. ಹಾಸ್ಟೆಲು, ಸುಶೀಲಕ್ಕೋರು, ಗೆರೆ, ಎಲ್ಲವನ್ನೂ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಹೇಳಿದಳು.

"ನನಗೂ ಸಹಜ ಅಂತನ ಬಂದೈತ್ರಿ," ಎಂದಳು ಶೈಲಾ. "ಮೂರ ಸಲ. ಕಡತ ಮುಚ್ಚಿ ಎರಡ ವರ್ಷ ಆತು. ನನ್ನ ಗಂಡನ ಮನ್ಯಾಗ ನಾಟಕಾ ಮಾಡತಾಳ ಅಂತಾರ. ಎಲ್ಲಿ ಬಂದ ಸಹಿ ಮಾಡಬೇಕ್ರಿ? ನಾ ಇವತ್ತ ಬರತೇನಿ."

ಮುಂದಿನ ಮಾತು ಹೇಳಲು ನೀಲಗಂಗಾಗೆ ಮನಸ್ಸಿರಲಿಲ್ಲ.

"ನಿಮ್ಮ ಸಹಿ ನಡೆಯೂದಿಲ್ರಿ ಶೈಲಾ. ಹೇಳಿಕೆ ಕೊಟ್ಟವರು ನಿಮ್ಮ ಅವ್ವ. ಅವರ ಬರಬೇಕು."

ಆ ಕಡೆ ಫೋನನ್ನು ಎಲ್ಲೋ ಕೆಳಗಿಟ್ಟ ಸದ್ದಾಯಿತು, ಆಮೇಲೆ ನೆಲದ ಮೇಲೆ ಹೆಜ್ಜೆಗಳು.

"ಅವ್ವಾ," ಎಂದಿತು ದೂರದಿಂದ ಅದೇ ದನಿ, ಈಗ ತಗ್ಗಿಸದೆ. "ಹೊರಗ ಬಾ."

ಬಚ್ಚಲಿನ ಬಾಗಿಲು ಬಡಿಯುವ ಸದ್ದು ಕೇಳತೊಡಗಿತು. ಮೊದಲು ಬೆರಳಿನಿಂದ, ಆಮೇಲೆ ಅಂಗೈಯಿಂದ. ಒಳಗಿನಿಂದ ನೀರು ಸುರಿಯುವ ಸದ್ದು ನಿಂತಿತು, ಬಡಿಯುವುದು ನಿಲ್ಲಲಿಲ್ಲ. ಗುರುಬಸವ್ವ ಮಗಳ ಹತ್ತಿರ ಸರಿದು ಫೋನಿಗೆ ಕಿವಿಗೊಟ್ಟಳು, ಇಬ್ಬರೂ ಅದನ್ನು ಇಡದೆ ಕಾಯುತ್ತ ಕುಳಿತರು.